ಬಾಗಿಲಿಂದ ಬಾಗಿಲಿಗೆ

ದೂರವೆಷ್ಟೆಂದು ಕೇಳಿದರೆ ನನ್ನ ಸೋದರತ್ತೆ ಎಂದೂ ಕಿಲೋಮೀಟರಿನಲ್ಲಿ ಉತ್ತರಿಸಿದವರಲ್ಲ. ಅವರ ಪಾಲಿಗೆ ಅಂಚೆ ಕಚೇರಿ ಏಳು ನಿಮಿಷ. ಪಕ್ಕದ ಮನೆ, ಅಲ್ಲಿನ ಯಜಮಾನಿ ಮಾತಿಗೆ ನಿಲ್ಲಿಸಿಕೊಳ್ಳುವುದನ್ನೂ ಸೇರಿಸಿ, ಮುಕ್ಕಾಲು ಗಂಟೆ. ಪ್ರವಾಸ ಕಚೇರಿಯೊಂದರ ಟಿಕೆಟ್ ಕೌಂಟರಿನಲ್ಲಿ ಇಪ್ಪತ್ತಾರು ವರ್ಷ ಕುಳಿತ ಅವರು, ಏಸಿಯ ಚಳಿಗೆಂದು ತೊಟ್ಟ ಮೊಣಕೈ ಸವೆದ ಬೂದು ಸ್ವೆಟರನ್ನು ಸುಡುಬಿಸಿಲಿನ ಬೀದಿಯಲ್ಲೂ ಕಳಚದೆ, ವಿಮಾನದ ಕೊನೆಯ ಕರೆ ಕೂಗಿಬಿಟ್ಟರೇನೋ ಎಂಬಂತೆ ಮುಂದಕ್ಕೆ ಬಾಗಿ ದಾಪುಗಾಲು ಹಾಕುತ್ತಿದ್ದರು.

"ರಾಜಧಾನಿಗೆ ವಿಮಾನದಲ್ಲಿ ಬರೀ ಐವತ್ತೈದು ನಿಮಿಷವಂತೆ?" ಎಂದು ಗಿರಾಕಿ ಹಿಗ್ಗಿದರೆ, ಕನ್ನಡಕದ ಮೇಲಿಂದ ನೋಡಿ, "ಅದು ವಿಮಾನಕ್ಕೆ. ನಿಮಗೆ ನಾಲ್ಕೂಕಾಲು ಗಂಟೆ. ನಾನು ಬಾಗಿಲಿಂದ ಬಾಗಿಲಿಗೆ ಹೇಳೋಳು" ಎನ್ನುವರು. ಅಷ್ಟು ಕರಾರುವಾಕ್ಕಾಗಿ ಲೆಕ್ಕ ಹೇಳುತ್ತಿದ್ದ ಮಹಾತಾಯಿ ಸ್ವತಃ ಒಮ್ಮೆಯೂ ವಿಮಾನ ಹತ್ತಿರಲಿಲ್ಲ!

ಹತ್ತಿಸಿದ್ದು ಅವರ ಅಕ್ಕ, ನನ್ನ ದೊಡ್ಡತ್ತೆ. ತಾಯಿಯನ್ನು ಕೊನೆಗಾಲದಲ್ಲಿ ನೋಡಿಕೊಂಡವರು ಯಾರು ಎಂಬ ಮಾತಿಗೆ ತಂಗಿಯೊಡನೆ ಜಗಳವಾಡಿ, ಮುನಿಸಿಕೊಂಡು ಹೊರದೇಶ ಸೇರಿದ ಆಕೆ ಒಂಬತ್ತು ವರ್ಷ ಮೌನವಾಗಿದ್ದು, ಒಂದು ದಿನ ಇದ್ದಕ್ಕಿದ್ದಂತೆ ಸಂದೇಶ ಕಳಿಸಿದರು: ನಾಡಿದ್ದು ರಾಜಧಾನಿಯಲ್ಲಿ ವಿಮಾನ ಬದಲಿಸುತ್ತೇನೆ, ನಡುವೆ ಎರಡೂವರೆ ಗಂಟೆ ಇದೆ. ಬಾ ಎಂದು ಬರೆದಿರಲಿಲ್ಲ. ಅತ್ತೆಗೆ ಅದು ಬೇಕಾಗಿಯೂ ಇರಲಿಲ್ಲ.

"ತಪಾಸಣೆ, ಸಾಲು ಎಲ್ಲಾ ಕಳೆದ್ರೂ ನಲವತ್ತು ನಿಮಿಷ ನಮ್ದು. ಏಳೋ, ಹೊರಡು!" ಎಂದು ಆ ದಿನ ನಸುಕಿಗೇ ನನ್ನನ್ನೂ ಎಳೆದುಕೊಂಡು ಹೊರಟರು.

ನಮ್ಮ ವಿಮಾನ ಅರ್ಧ ಗಂಟೆ ತಡವಾಯಿತು. ಅತ್ತೆ ಕೈಹಿಸುಕಿಕೊಂಡು ಕುಳಿತರು. ಆದರೆ ಚಕ್ರಗಳು ನೆಲ ಬಿಟ್ಟ ಕ್ಷಣ ನನ್ನ ಮುಂಗೈ ಹಿಡಿದು, ಅಕ್ಕಪಕ್ಕದವರು ತಿರುಗಿ ನೋಡುವಂತೆ ಕೂಗಿದರು: "ಇಷ್ಟು ವರ್ಷ ಜನರನ್ನ ಇದಕ್ಕೆ ಹತ್ತಿಸಿದೀನಲ್ಲೋ, ಹೀಗಿರತ್ತೆ ಅಂತ ಒಬ್ಬರೂ ಹೇಳ್ಲಿಲ್ವಲ್ಲೋ!"

ಇಳಿದದ್ದೇ ತಡ, ಓಟ. ದೊಡ್ಡತ್ತೆಯ ವಿಮಾನ ಹೊರಡುವುದು ಇನ್ನೊಂದು ಟರ್ಮಿನಲ್ಲಿನಿಂದ. ಬಸ್ಸಿಗೆ ಕಾಯದೆ ಅತ್ತೆ ಕಾಲ್ನಡಿಗೆಯಲ್ಲೇ ನುಗ್ಗಿದರು, ನಾನು ಏದುಸಿರು ಬಿಡುತ್ತಾ ಹಿಂದೆ. ಅಲ್ಲಿನ ಪ್ರವೇಶದ್ವಾರದ ಬಳಿ, ಕೈಚೀಲ ಎದೆಗವುಚಿಕೊಂಡು, ನರೆಗೂದಲಿನ ದೊಡ್ಡತ್ತೆ ನಿಂತಿದ್ದರು. ಒಳಗೆ ಹೋಗಲು ಅವರಿಗೆ ಹನ್ನೊಂದು ನಿಮಿಷವಷ್ಟೇ ಉಳಿದಿತ್ತು.

"ಲೇಟು," ಎಂದರು ದೊಡ್ಡತ್ತೆ.

"ವಿಮಾನ ಲೇಟು ಕಣೇ, ನಾನಲ್ಲ!"

ಇಬ್ಬರೂ ಒಟ್ಟಿಗೇ ನಕ್ಕು, ಒಟ್ಟಿಗೇ ಅತ್ತರು. ಆಮೇಲೆ ಒಬ್ಬರ ಕನ್ನಡಕ ಇನ್ನೊಬ್ಬರು ಹಾಕಿಕೊಂಡು ನೋಡಿ, ಎರಡರದ್ದೂ ಒಂದೇ ನಂಬರೆಂದು ಪುಟ್ಟ ಹುಡುಗಿಯರಂತೆ ಸಂಭ್ರಮಪಟ್ಟರು. ಹೊರಡುವ ಮುನ್ನ ದೊಡ್ಡತ್ತೆ, "ಅವತ್ತು ನಾನು ಹಾಗನ್ನಬಾರ್ದಿತ್ತು…" ಎಂದು ತೊಡಗಿದರು.

ಅತ್ತೆ ಅವರ ಬೆನ್ನು ತಳ್ಳುತ್ತಾ, "ಅದಕ್ಕೆಲ್ಲ ಈಗ ಟೈಮಿಲ್ಲ, ನಡಿ ಒಳಗೆ! ಬೇಸಿಗೆಗೆ ಬಾ, ಕೂತು ನೆಮ್ಮದಿಯಾಗಿ ಜಗಳ ಆಡೋಣ" ಎಂದರು.

ದೊಡ್ಡತ್ತೆ ಬೇಸಿಗೆಗೆ ಬಂದರು, ಜಗಳವೂ ಆಯಿತು. ಆರು ವಾರ ಉಳಿದರು.

ಪರರ ಪ್ರಯಾಣಗಳನ್ನು ಹೊಂದಿಸುತ್ತಲೇ ಆಯುಷ್ಯ ಸವೆಸುವ ಇಂಥವರನ್ನು ನಾವು ಅಂಕಿಗಳ ಶುಷ್ಕಜೀವಿಗಳೆಂದು ಬಗೆಯುತ್ತೇವೆ. ಅಗಲಿಕೆಯನ್ನು ನಮಗಿಂತ ಚೆನ್ನಾಗಿ ಬಲ್ಲವರು ಅವರು. ಲೋಕದಲ್ಲಿ ಯಾರೂ ಯಾರಿಂದಲೂ ಒಂದು ಗಳಿಗೆಯೂ ಹೆಚ್ಚು ದೂರವಿರಬಾರದೆಂಬ ಅಪಾರ ಆತುರವೊಂದು ಅವರ ಎದೆಯಲ್ಲಿ ಸದಾ ಓಡುತ್ತಿರುತ್ತದೆ.