ಸ್ಪ್ಯಾಮ್‌ನಲ್ಲಿ ನೋಡು

ಮಗಳ ಶಾಲೆಯ ಅಂಗಿಗೆ ಇಸ್ತ್ರಿ ಹಾಕುತ್ತಿದ್ದೆ. ಒಂದು ತೋಳು ಮುಗಿದಿತ್ತು, ಇನ್ನೊಂದು ಬಾಕಿಯಿತ್ತು. ಅಷ್ಟರಲ್ಲಿ ಫೋನ್ ಬಂತು. ಕಣ್ಣಿನ ಆಸ್ಪತ್ರೆಯ ಮೇಲ್ವಿಚಾರಕಿ. ಕಿಟಕಿಗಳ ಅಳತೆ ಮೇಲ್ ಮಾಡಿ ವಾರದ ಮೇಲಾಯಿತು, ಪರದೆ ಹೊಲಿದುಕೊಡುವ ಮನಸ್ಸಿಲ್ಲದಿದ್ದರೆ ಹೇಳಿಬಿಡಿ, ಬೇರೆಯವರಿದ್ದಾರೆ ಎಂದರು. ದನಿ ಏರಿಸಲಿಲ್ಲ. ದನಿ ಏರಿಸದೆ ಹೇಳುವ ಮಾತಿಗೇ ನಾನು ಹೆಚ್ಚು ಹೆದರುವುದು. ಇಸ್ತ್ರಿಪೆಟ್ಟಿಗೆಯ ಪ್ಲಗ್ ಕಿತ್ತು, ಹೊಲಿಗೆ ಯಂತ್ರದ ಪಕ್ಕದಲ್ಲಿದ್ದ ಹಳೇ ಲ್ಯಾಪ್‌ಟಾಪ್ ತೆರೆದೆ.

ಇನ್‌ಬಾಕ್ಸ್‌ನಲ್ಲಿ ಸಂತೆ ನೆರೆದಿತ್ತು. ಕೋಟಿ ಗೆದ್ದಿದ್ದೀರಿ ಎನ್ನುವವರು, ಬೊಕ್ಕತಲೆಗೆ ಎಣ್ಣೆ ಮಾರುವವರು, ನನ್ನ ಯೋಗಕ್ಷೇಮದ ಚಿಂತೆಯಲ್ಲಿ ಸೊರಗುತ್ತಿದ್ದ ಯಾವುದೋ ರಾಜಕುಮಾರ. ಕೆಳಗೆ ಇಳಿದಷ್ಟೂ ಅವರೇ. ಆಸ್ಪತ್ರೆಯ ಮೇಲ್ ಅವರೆಲ್ಲರ ಅಡಿಯಲ್ಲಿ ಉಸಿರುಕಟ್ಟಿ ಬಿದ್ದಿತ್ತು.

ಇಷ್ಟು ದಿನ ಸ್ಪ್ಯಾಮ್ ಎಂಬ ಕಸದ ಕೋಣೆಯಲ್ಲಿರುತ್ತಿದ್ದವರು ಒಮ್ಮೆಲೇ ನಡುಮನೆಗೆ ಬಂದು ಕೂತದ್ದು ಹೇಗೆಂದು ನೋಡುತ್ತಿದ್ದೆ. ಮಗಳು ಒಂದೇ ಕಾಲಿಗೆ ಸಾಕ್ಸ್ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

“ನಾನೇ ಹೊರಗೆ ತೆಗೆದೆ ಅಮ್ಮ. ಎಲ್ಲದಕ್ಕೂ ‘ಸ್ಪ್ಯಾಮ್ ಅಲ್ಲ’ ಅಂತ ಒತ್ತಿದೆ.”

“ಎಲ್ಲದಕ್ಕೂ ಯಾಕೆ ಮರಿ?”

“ಅಪ್ಪ ಅಡ್ರೆಸ್ ಬದಲಾಯಿಸಿದ್ರೆ? ಬೇರೆ ಹೆಸರಲ್ಲಿ ಬಂದಿದ್ರೆ ನಂಗೆ ಹೇಗೆ ಗೊತ್ತಾಗುತ್ತೆ?”

ಆಸ್ಪತ್ರೆಯವರಿಗೆ ತಪ್ಪಾಯಿತೆಂದು ಎರಡು ಸಾಲು ಬರೆದೆ. ಒಂದು ತೋಳು ಸುಕ್ಕಾಗಿಯೇ ಉಳಿದ ಅಂಗಿ ತೊಟ್ಟು ಅವಳು ಶಾಲೆಗೆ ಹೋದಳು.

ಒಲೆಯ ಮೇಲೆ ಹಾಲಿದೆ. ಅದು ಉಕ್ಕುವ ಮುಂಚೆ ಅವಳಪ್ಪನ ವಿಷಯ ಹೇಳಿ ಮುಗಿಸುತ್ತೇನೆ. ಅವನು ಅಂಗಡಿಗಳಿಗೆ ಬೋರ್ಡ್ ಬರೆಯುವವನು. ಮಗಳು ಅಕ್ಷರ ಕಲಿತದ್ದು ಪುಸ್ತಕದಲ್ಲಲ್ಲ, ಅವನ ಮಗ್ಗುಲಲ್ಲಿ ಕೂತು, ಕೂದಲು ಉದುರಿದ ಹಳೇ ಬ್ರಷ್‌ನಿಂದ ತಗಡಿನ ಚೂರಿನ ಮೇಲೆ. ಅವನು ಅವಳನ್ನು ‘ಕುಂಚ’ ಎಂದೇ ಕರೆಯುತ್ತಿದ್ದ. ಈಗ ಅವನಿಗೆ ಬೇರೆ ಊರು, ಬೇರೆ ಮನೆ, ಆ ಮನೆಯಲ್ಲಿ ಬೇರೆಯವರು. ಹೊರಡುವ ದಿನ, ಬರೆದ ಪ್ರತಿ ಬೋರ್ಡಿನ ಫೋಟೋವನ್ನೂ ಮೇಲ್ ಮಾಡುತ್ತೇನೆಂದು ಅವಳಿಗೆ ಮಾತು ಕೊಟ್ಟಿದ್ದ.

ಆಮೇಲೆ ಒಮ್ಮೆ ಯಾರದೋ ನಂಬರಿನಿಂದ ಫೋನ್ ಮಾಡಿದ. ಯಾಕಪ್ಪ ಒಂದೂ ಬಂದಿಲ್ಲ ಎಂದು ಇವಳು ಕೇಳಿದಳು.

“ಬರೆದೆನಲ್ಲೇ ಕುಂಚ, ಸಿಕ್ಕಿಲ್ವಾ? ಸ್ಪ್ಯಾಮ್‌ನಲ್ಲಿ ನೋಡು.”

ಆ ದನಿ ನನಗೆ ಗೊತ್ತಿತ್ತು. ಬೋರ್ಡಿನ ತಗಡು ಗೋಡೆಗೆ ಒರಗಿಕೊಂಡು ಬೋಳಾಗಿಯೇ ನಿಂತಿರುತ್ತಿದ್ದಾಗ, ಅಂಗಡಿಯವರಿಗೆ ಫೋನಿನಲ್ಲಿ ‘ಬಣ್ಣ ಒಣಗ್ತಾ ಇದೆ ಸಾರ್’ ಎನ್ನುತ್ತಿದ್ದ ದನಿ ಅದು. ಆದರೆ ಮಗಳಿಗೆ ಅದು ಅಪ್ಪನ ದನಿ, ಅಷ್ಟೇ.

ಅಂದಿನಿಂದ ಅವಳು ಹಲ್ಲುಜ್ಜುವ ಮೊದಲು ಸ್ಪ್ಯಾಮ್ ತೆರೆಯುತ್ತಿದ್ದಳು, ಕೋಳಿಗೂಡಿಗೆ ಕೈಹಾಕಿ ಮೊಟ್ಟೆ ತಡಕುವವರ ಹಾಗೆ. ಅಲ್ಲಿದ್ದದ್ದು ತಿಂಗಳು ಕಳೆದರೆ ತಾನಾಗಿ ಅಳಿದುಹೋಗುತ್ತದೆಂದು ಶಾಲೆಯಲ್ಲಿ ಯಾರೋ ಹೇಳಿದ ಮೇಲೆ ಸಂಜೆಯೂ ಶುರುವಾಯಿತು. ಎಣ್ಣೆ ಮಾರುವವರ ಮೇಲನ್ನೂ ತೆರೆದು ಕೊನೆಯ ಸಾಲಿನವರೆಗೆ ಓದುತ್ತಿದ್ದಳು. ಅಪ್ಪ ಎಲ್ಲಿ ಅಡಗಿ ಕೂತಿದ್ದಾನೋ ಯಾರಿಗೆ ಗೊತ್ತು.

ಆಸ್ಪತ್ರೆಯ ಫೋನ್ ಬಂದ ದಿನ ಸಂಜೆ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಇಬ್ಬರೂ ರಿಪೇರಿ ಅಂಗಡಿಗೆ ಹೋದೆವು. ಚಪ್ಪಲಿ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ, ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದ ಜಾಗ. ಅಲ್ಲಿನ ರಿಪೇರಿಯವನು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಫೋನುಗಳ ಹೊಟ್ಟೆ ಬಿಚ್ಚುತ್ತಿರುತ್ತಾನೆ. ಪ್ರಶ್ನೆ ಕೇಳಿ ಕೇಳಿ ತಲೆ ತಿನ್ನುತ್ತಾಳೆಂದು ಇವಳಿಗೆ ಇನ್ಸ್‌ಪೆಕ್ಟರಮ್ಮ ಎಂದು ಹೆಸರಿಟ್ಟವನು ಅವನೇ. ಅವಳಪ್ಪ ಕೆಲಸದ ಮೇಲೆ ಹೋಗಿದ್ದಾನೆಂದು ಅವನ ಎಣಿಕೆ.

“ಜೈಲಿನ ಬಾಗಿಲು ತೆಗೆದು ಎಲ್ಲರನ್ನೂ ಬಿಟ್ಟುಬಿಟ್ರಲ್ಲ,” ಎಂದ ಲ್ಯಾಪ್‌ಟಾಪ್ ನೋಡಿ. “ಇನ್ಸ್‌ಪೆಕ್ಟರೇ ಹೀಗೆ ಮಾಡಿದ್ರೆ ನಾವು ಯಾರ ಹತ್ತಿರ ಹೋಗೋಣ?”

ಮಗಳು ನಗಲಿಲ್ಲ. ತನಗೆ ಬೇಕಾದವರ ಮೇಲ್ ಮಾತ್ರ ಸ್ಪ್ಯಾಮ್‌ಗೆ ಹೋಗಬಾರದು, ಅದಕ್ಕೇನು ಮಾಡಬೇಕು ಎಂದು ಕೇಳಿದಳು. ಅವನು ಮೊದಲು ಹಳೆಯ ಕೈದಿಗಳನ್ನೆಲ್ಲ ಒಳಗೆ ದಬ್ಬಿದ. ಆಮೇಲೆ ತಾಳ್ಮೆಯಿಂದ ಹೇಳಿಕೊಟ್ಟ. ಬೇಕಾದವರ ವಿಳಾಸವನ್ನು ಪರಿಚಯದವರ ಪಟ್ಟಿಗೆ ಸೇರಿಸಬೇಕು. ಆ ವಿಳಾಸದಿಂದ ಬಂದದ್ದನ್ನು ಎಂದೂ ಸ್ಪ್ಯಾಮ್‌ಗೆ ಹಾಕಬೇಡ ಎಂದು ಒಂದು ನಿಯಮ ಬರೆದಿಡಬೇಕು. ಅಪ್ಪನ ವಿಳಾಸವನ್ನು ಅವಳು ನೋಡದೆಯೇ ಒತ್ತಿದಳು. ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ ಎಂದು ಮತ್ತೆ ಕೇಳಿದಳು. ಅದಕ್ಕೆ ಅವನು ತನ್ನ ವಿಳಾಸಕ್ಕೂ ಅದೇ ನಿಯಮ ಹಾಕಿಸಿ, ಕೋಟಿ, ಲಾಟರಿ, ಬೊಕ್ಕತಲೆ ಎಲ್ಲವನ್ನೂ ತುರುಕಿದ ಒಂದು ಮೇಲ್ ಅನ್ನು ತನ್ನ ಫೋನಿನಿಂದ ಕಳಿಸಿದ. ಟಿಣ್ ಎಂದಿತು. ಬಂದು ಇನ್‌ಬಾಕ್ಸ್‌ನಲ್ಲೇ ಕೂತಿತು.

“ನೋಡಿದ್ರಾ? ಇನ್ಮೇಲೆ ನಿಮ್ಮಪ್ಪ ಏನು ಬರೆದ್ರೂ ಸೀದಾ ಇಲ್ಲಿಗೇ. ತಪ್ಪಿಸಿಕೊಳ್ಳೋಕೆ ದಾರಿನೇ ಇಲ್ಲ.”

ಮಗಳ ಮುಖ ಅರಳಿತು. ನಾನು ಚೀಲದ ಹಿಡಿಕೆಯನ್ನು ಬಿಗಿಯಾಗಿ ಹಿಡಿದುಕೊಂಡೆ.

ಹೊರಡುವಾಗ ಅವಳು ಇನ್ನೂ ಒಂದು ಪ್ರಶ್ನೆ ತೆಗೆದಳು. ಒಳ್ಳೆಯ ಮೇಲ್ ಸ್ಪ್ಯಾಮ್‌ಗೆ ಹೋಗುವುದಾದರೂ ಹೇಗೆ?

“ಕೆಲವನ್ನ ಯಂತ್ರ ತಾನೇ ಅನುಮಾನ ಪಟ್ಟು ಹಾಕುತ್ತೆ. ಕೆಲವನ್ನ ನಾವು ಹಾಕ್ತೀವಿ. ಯಾರದ್ದಾದ್ರೂ ಬೇಡ ಅನ್ನಿಸಿದ್ರೆ ಒಂದೆರಡು ಸಲ ‘ಸ್ಪ್ಯಾಮ್’ ಅಂತ ಒತ್ತಿದ್ರೆ ಆಯ್ತು. ಆಮೇಲೆ ಅವರು ಎಷ್ಟು ಬರೆದ್ರೂ ನಮ್ಮ ಕಣ್ಣಿಗೇ ಬೀಳಲ್ಲ.”

“ಬರೆದೋರಿಗೆ ಗೊತ್ತಾಗುತ್ತಾ?”

“ಎಲ್ಲಿಂದ ಗೊತ್ತಾಗಬೇಕು? ಅವರ ಪಾಡಿಗೆ ಅವರು ಬರೀತಾನೇ ಇರ್ತಾರೆ.”

ದಾರಿಯುದ್ದಕ್ಕೂ ಅವಳು ನನ್ನ ಕೈ ಹಿಡಿದಿದ್ದಳು.

ಇಷ್ಟು ದಿನ ಆ ಕಸದ ಕೋಣೆಯೇ ನಮ್ಮನ್ನು ಕಾಪಾಡಿತ್ತು. ಯಾರ ಮೇಲ್ ಬೇಕಾದರೂ ಅಲ್ಲಿಗೆ ಹೋಗಬಹುದಾಗಿದ್ದಷ್ಟು ದಿನ, ಅವಳಪ್ಪ ಬರೆದಿರಬಹುದು ಎನ್ನುವುದಕ್ಕೆ ಒಂದು ಮೂಲೆ ಇತ್ತು. ಈಗ ಆ ಮೂಲೆಯನ್ನು ಗುಡಿಸಿ ಒರೆಸಿ ದೀಪ ಹಾಕಿದಂತಾಯಿತು. ಮಗಳು ಶಾಲೆಯಿಂದ ಬಂದವಳೇ ಇನ್‌ಬಾಕ್ಸ್ ತೆರೆಯುತ್ತಿದ್ದಳು. ನನ್ನ ಗಿರಾಕಿಗಳ ಮೇಲ್‌ಗಳು ಒಂದೂ ತಪ್ಪದೆ ಬರುತ್ತಿದ್ದವು. ಆಸ್ಪತ್ರೆಯವರು ಬಟ್ಟೆಯ ಬಣ್ಣ ಒಪ್ಪಿದ್ದರು. ಎಲ್ಲವೂ ಸರಿಯಾಗಿತ್ತು. ಅದೇ ನನಗೆ ಸಂಕಟ. ಈ ಹಾಳು ಯಂತ್ರ ಕೆಟ್ಟು ನಿಲ್ಲಬಾರದೇ ಅನ್ನಿಸುತ್ತಿತ್ತು.

ವಾರಕ್ಕೊಮ್ಮೆ ಅವಳು ಅಪ್ಪನಿಗೆ ಬರೆಯುವುದು ಮಾತ್ರ ನಿಲ್ಲಲಿಲ್ಲ. ತಾನು ತಗಡಿನ ಚೂರಿನ ಮೇಲೆ ಬರೆದ ಅಂಗಡಿ ಹೆಸರುಗಳ ಫೋಟೋ, ಕೆಳಗೆ ‘ಬಣ್ಣ ಸರಿಯಿದೆಯಾ ಅಪ್ಪ’ ಎಂದು ಒಂದು ಸಾಲು.

ಒಂದು ಮಧ್ಯಾಹ್ನ ನಾನೇ ಹೊಸ ವಿಳಾಸವೊಂದನ್ನು ತೆರೆದು ಅವನ ಹಾಗೆ ಬರೆಯಲು ಕೂತೆ. ‘ಕುಂಚ’ ಎಂದು ಶುರುಮಾಡಬೇಕಿತ್ತು. ಬೆರಳು ಏಳಲಿಲ್ಲ. ಆ ಹೆಸರು ನಾನು ಎಂದೂ ಕರೆದದ್ದಲ್ಲ. ಮುಚ್ಚಿ, ಒಗೆದ ಬಟ್ಟೆ ಹಿಂಡಲು ಎದ್ದೆ.

ಈಚೆಗೆ ಅವಳು ಇನ್‌ಬಾಕ್ಸ್ ತೆರೆಯುವುದನ್ನು ಬಿಟ್ಟಳು. ಕಂಡರೂ ಕಾಣದವಳಂತೆ ಇದ್ದೆ. ಈ ವಾರ ತಗಡಿನ ಚೂರೂ ಮಂಚದ ಕೆಳಗೇ ಇತ್ತು.

ಇವತ್ತು ಶಾಲೆಗೆ ರಜೆ. ಆಸ್ಪತ್ರೆಯ ಪರದೆ ಬಟ್ಟೆ ಉದ್ದ, ಒಬ್ಬಳ ಕೈಗೆ ಸಿಗುವುದಿಲ್ಲ. ನಾನೊಂದು ತುದಿ ಹಿಡಿದೆ, ಅವಳೊಂದು ತುದಿ. ಸ್ವಲ್ಪ ಎಳೆದು ಹಿಡಿ ಮರಿ, ಸುಕ್ಕು ಬಿದ್ದಿದೆ ಎಂದೆ. ಎಳೆದು ಹಿಡಿದಳು. ನಮ್ಮಿಬ್ಬರ ನಡುವೆ ಹಸಿರು ಬಟ್ಟೆ ಬಿಗಿಯಾಗಿ ನಿಂತಿತು. ನಾನು ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಮಡಿಕೆಯ ಗುರುತು ಹಾಕುತ್ತಿದ್ದೆ. ಅವಳ ತುದಿ ಮೆಲ್ಲನೆ ಸಡಿಲವಾಯಿತು. ತಲೆ ಎತ್ತಿ ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಎಷ್ಟೋ ದಿನಗಳಿಂದ ಒಳಗೇ ಇಟ್ಟುಕೊಂಡ ಮಾತೊಂದು ಬಾಯಿಗೆ ಬಂದಿದೆಯೆಂದು ಮುಖದಲ್ಲೇ ಕಾಣುತ್ತಿತ್ತು.

“ಅಮ್ಮ,” ಎಂದಳು, “ಅಪ್ಪ ನನ್ನನ್ನ ಸ್ಪ್ಯಾಮ್‌ಗೆ ಹಾಕಿಬಿಟ್ಟಿದಾನಾ?”