ಮಾರ್ಡೆಲ್ ಬರೆದ ಕಾಗದಗಳು

ಚರ್ಚಿನ ಮೆಟ್ಟಿಲಿಳಿಯುತ್ತಿದ್ದಾಗ ಡೆಲ್ಮರನ ಕೈಯಿಂದ ಶವಪೆಟ್ಟಿಗೆಯ ಹಿಡಿ ಜಾರಿತು. ಆ ಮೂಲೆ ಒಂದು ಗೇಣು ಕೆಳಗೆ ವಾಲಿತು. ಹೊತ್ತಿದ್ದ ಉಳಿದವರು ಅಲ್ಲೇ ನಿಂತು ಭಾರ ತಡೆದರು.

"ಬಿಡಿ ಡೆಲ್ಮರ್, ನಾನು ಹಿಡ್ಕೋತೀನಿ," ಎಂದು ಹಿಂದಿನಿಂದ ಸತ್ತ ಆರ್ವಿನನ ತಮ್ಮನ ಮಗ ಅಂದ.

"ಬಿಡಲ್ಲ. ನೀನು ನಿನ್ನ ಮೂಲೆ ನೋಡ್ಕೋ," ಎಂದು ಡೆಲ್ಮರ್ ಮತ್ತೆ ಹಿಡಿ ಬಿಗಿಮಾಡಿದ. ಎಪ್ಪತ್ತೆಂಟರ ಮುದುಕ, ಸೊಂಟ ನೋವಿನವನು. ನೀನು ಹೊರಬೇಡ ಎಂದು ಎಲ್ಲರೂ ಹೇಳಿದ್ದರು. ಆದರೆ ಆರ್ವಿನ್ ಯಾವತ್ತೋ ಮಗಳ ಹತ್ತಿರ ಹೇಳಿಬಿಟ್ಟಿದ್ದ, ನನ್ನನ್ನು ಹೊರುವವರಲ್ಲಿ ಡೆಲ್ಮರ್ ಇರಲೇಬೇಕು ಎಂದು.

ಆರ್ವಿನನ ಹೆಂಡತಿ ಮಾರ್ಡೆಲ್ ಮಗಳು ರೋಂಡಾಳ ತೋಳು ಹಿಡಿದು ಹಿಂದೆ ಬರುತ್ತಿದ್ದಳು. ಪೆಟ್ಟಿಗೆ ವಾಲಿದ್ದನ್ನು ಅವಳು ಬೇರೆ ಯಾರದೋ ಪೆಟ್ಟಿಗೆ ಎಂಬಂತೆ ನೋಡಿದಳು. ಸೋಮವಾರದಿಂದಲೂ ಹಾಗೇ. ಅವತ್ತು ಬೆಳಿಗ್ಗೆ ಆರ್ವಿನ್ ಕಾಫಿ ಕುಡಿದು, ಕೆರೆಯ ಮಂಜುಗಡ್ಡೆ ಕರಗಿದೆಯಂತೆ, ದೋಣಿ ತೆಗೆದು ನೋಡ್ತೀನಿ ಎಂದು ಗ್ಯಾರೇಜಿಗೆ ಹೋದ. ಅವಳು ಲೋಟ ತೊಳೆದಿಟ್ಟು ಹೋಗುವಷ್ಟರಲ್ಲಿ ಟಾರ್ಪಾಲಿನ ಮೇಲೆ ಬೋರಲಾಗಿ ಮಲಗಿದ್ದ. ಮಲಗಿದ್ದಾನೆ ಎಂದುಕೊಂಡೇ ಅವಳು ಬೈದಳು. ಎರಡು ಸಲ ಬೈದ ಮೇಲೆ ಗೊತ್ತಾಯಿತು.

ಹೂಳಿ ಬಂದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಹಂದಿಮಾಂಸದ ಹ್ಯಾಮ್ ಇಟ್ಟ ಬನ್ನು, ಬಿಸಿ ತಟ್ಟೆಗಳಲ್ಲಿ ಬೇಯಿಸಿದ ಆಲೂಗಡ್ಡೆ, ದೊಡ್ಡ ಪಾತ್ರೆಯಲ್ಲಿ ತೆಳು ಕಾಫಿ. ಆರ್ವಿನನ ಬಗ್ಗೆ ಹೇಳಲು ಜನಕ್ಕೆ ಹೆಚ್ಚೇನೂ ಇರಲಿಲ್ಲ. ಬದುಕಿಡೀ ಕೌಂಟಿ ಆಡಳಿತದ ಲಾರಿಯಲ್ಲಿ ರಸ್ತೆಯ ಹಿಮ ಬಳಿದು ತೆಗೆದವನು. ಹಾಗಾಗಿ ಹಿಮದ ಬಗ್ಗೆಯೇ ಮಾತಾಡಿದರು.

"ನಾವು ಏಳೋ ಹೊತ್ತಿಗೆ ರಸ್ತೆ ಕನ್ನಡಿ ಥರ ಇರ್ತಿತ್ತು. ಈಗಿನೋರು ಮಧ್ಯಾಹ್ನದ ಊಟ ಮಾಡಿ ಬರ್ತಾರೆ."

"ಕೆಲಸ ಸರಿ. ಮಾತು? ವರ್ಷಕ್ಕೆ ಎರಡು ಸಲ ಬಾಯಿ ಬಿಡ್ತಿದ್ದ."

"ಮೀನು ಸಿಕ್ಕಿದ್ರೆ ಮೂರು ಸಲ."

ಎಲ್ಲರೂ ಮೆಲ್ಲಗೆ ನಕ್ಕರು. ಆಗ ಬೂದು ಕೋಟಿನ ಹೆಂಗಸೊಬ್ಬಳು ಮಾರ್ಡೆಲ್ ಎದುರು ಬಂದು ಕೈ ಹಿಡಿದಳು. ಮೂವತ್ತರ ಆಚೀಚೆ ಇರಬಹುದು. ಊರಿನವಳಲ್ಲ.

"ನಾನು ಟೆಸ್ಸಾ ಅಂತ. ಯೂನಿವರ್ಸಿಟಿ ಲೈಬ್ರರೀಲಿ ಹಳೇ ಕಾಗದಪತ್ರ ನೋಡ್ಕೊಳ್ಳೋ ಕೆಲಸ. ಯುದ್ಧಕ್ಕೆ ಹೋದೋರಿಗೆ ಮನೆಯಿಂದ ಬರೆದ ಕಾಗದ, ಅವರು ಬರೆದಿದ್ದು, ಎಲ್ಲ ಸೇರಿಸಿಡ್ತೀವಿ. ನಿಮ್ಮ ಯಜಮಾನರು ನಮಗೆ ಎರಡು ಡಬ್ಬ ಕೊಟ್ಟಿದ್ರು. ಪೇಪರಲ್ಲಿ ಸುದ್ದಿ ನೋಡಿ, ಬರಬೇಕು ಅನ್ನಿಸ್ತು."

"ಏನು ಡಬ್ಬ?"

"ಬೀಜ ತಂದ ರಸೀದಿ, ಕ್ರಿಸ್ಮಸ್ ಕಾರ್ಡು, ಮಕ್ಕಳ ಮಾರ್ಕ್ಸ್ ಕಾರ್ಡು. ನಮಗೆ ಅಂಥದ್ದೂ ಬೇಕು. ಮತ್ತೆ ವಿಯೆಟ್ನಾಮ್ ಯುದ್ಧದ ಕಾಲದ ಕಾಗದಗಳು."

"ಅದನ್ನೆಲ್ಲ ಸುಟ್ಟಾಯ್ತು," ಎಂದಳು ಮಾರ್ಡೆಲ್.

ಟೆಸ್ಸಾ ಅವಳ ಕೈ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದಳು. ಅಷ್ಟರಲ್ಲಿ ರೋಂಡಾ ಡೆಲ್ಮರನನ್ನು ಕರೆದುಕೊಂಡು ಬಂದಳು. "ಇವರು ಡೆಲ್ಮರ್ ಅಂಕಲ್. ಅಪ್ಪನ ಜೀವದ ಗೆಳೆಯ."

"ಡೆಲ್ಮರ್," ಎಂದಳು ಟೆಸ್ಸಾ. ನೀಡಿದ್ದ ಕೈ ಅರ್ಧದಲ್ಲೇ ನಿಂತಿತು. ಅವಳು ಮುದುಕನ ಮುಖ ನೋಡಿದಳು, ಆಮೇಲೆ ಮಾರ್ಡೆಲ್ ಮುಖ ನೋಡಿದಳು. ಕಿವಿಯ ತುದಿಯವರೆಗೆ ಕೆಂಪಾದಳು.

ರೋಂಡಾಳಿಗೆ ಏನೂ ತಿಳಿಯಲಿಲ್ಲ. ಆ ನೋಟ ಮಾರ್ಡೆಲಳಿಗೆ ಮಾತ್ರ ಅರ್ಥವಾಯಿತು.

ಅವಳು ಟೆಸ್ಸಾಳ ಮೊಣಕೈ ಹಿಡಿದು ಕೋಟು ನೇತುಹಾಕುವ ಪುಟ್ಟ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದಳು. "ನೀನು ಏನು ಓದಿದೀಯಾ, ಹೇಳು."

"ದಯವಿಟ್ಟು, ಇವತ್ತು ಬೇಡ."

"ಇವತ್ತೇ ಹೇಳು."

"ಮಾರ್ಚ್ ತಿಂಗಳ ಕಾಗದ," ಎಂದಳು ಟೆಸ್ಸಾ ತಗ್ಗಿದ ದನಿಯಲ್ಲಿ. "ನೀವು ಡೆಲ್ಮರ್ ಅವರನ್ನ ಮದುವೆ ಆಗ್ತೀನಿ ಅಂತ ಬರೆದಿದ್ದು."

"ಅದು ಅವನಿಗೆ ಸಿಕ್ಕಲೇ ಇಲ್ಲ."

ಟೆಸ್ಸಾ ನೆಲ ನೋಡಿದಳು. "ಸಿಕ್ಕಿತ್ತು."

*

ಆ ಕಾಗದ ಬರೆದ ಚಳಿಗಾಲದಲ್ಲಿ ಮಾರ್ಡೆಲಳಿಗೆ ಹತ್ತೊಂಬತ್ತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ. ಅವಳನ್ನು ಮದುವೆಯಾಗಬೇಕಿದ್ದ ಆರ್ವಿನ್ ಸೈನ್ಯಕ್ಕೆ ಹೋಗಿ ಅರ್ಧ ವರ್ಷವಾಗಿತ್ತು. ಡೆಲ್ಮರನಿಗೆ ಒಂದು ಕಿವಿ ಕೇಳದು ಎಂದು ಸೈನ್ಯ ಅವನನ್ನು ಬಿಟ್ಟಿತ್ತು. ಕೆಲಸ ಮುಗಿಸಿ ಹೊರಗೆ ಬಂದರೆ ಅವನ ಕಾರು ನಿಂತಿರುತ್ತಿತ್ತು. ಡೆಲ್ಮರ್ ಮಾತುಗಾರ, ನಗಿಸುವವನು, ಕುಣಿಯುವವನು. ಆರ್ವಿನ್ ಬರೆಯುತ್ತಿದ್ದುದು ಮಳೆ, ಕೆಸರು, ಇನ್ನಷ್ಟು ಮಳೆ. ಮಾರ್ಚಿನಲ್ಲಿ ಅವಳು ಒಂದೇ ಉಸಿರಿಗೆ ಕಾಗದ ಬರೆದಳು. ನೀನು ಒಳ್ಳೆಯವನು, ತಪ್ಪು ನಿನ್ನದಲ್ಲ, ನಾನು ಡೆಲ್ಮರನನ್ನು ಮದುವೆಯಾಗುತ್ತೇನೆ.

ಅದಾಗಿ ಸ್ವಲ್ಪ ದಿನಕ್ಕೆ ಡೆಲ್ಮರನ ಮನೆಯಲ್ಲಿ ಅವಳಿಗೆ ಭಾನುವಾರದ ಊಟ. "ಆರ್ವಿನ್ ಕಾಗದ ಬರೀತಾನಾ?" ಎಂದು ಅವನ ತಾಯಿ ಕೇಳಿದರು. ಡೆಲ್ಮರ್ ತನಗೆ ಆರ್ವಿನನಿಂದ ಬಂದಿದ್ದ ಹೊಸ ಕಾಗದ ಜೇಬಿನಿಂದ ತೆಗೆದು, ತಾಯಿಗಾಗಿ ಗಟ್ಟಿಯಾಗಿ ಓದತೊಡಗಿದ. 'ರಸ್ತೆ ಜಾರುವಾಗ ಮಾರ್ಡೆಲ್ ಒಬ್ಬಳೇ ನಡೆದು ಮನೆಗೆ ಹೋಗ್ತಾಳೆ. ನಿನಗೆ ತೊಂದರೆ ಇಲ್ಲದಿದ್ದರೆ ಕಾರಿನಲ್ಲಿ ಬಿಡು. ಪೆಟ್ರೋಲಿನ ಲೆಕ್ಕ ನಾನು ಬಂದ ಮೇಲೆ ನೋಡೋಣ.' ಓದುತ್ತ ಓದುತ್ತ ಅವನ ದನಿ ಇಳಿದುಹೋಯಿತು. ತಾಯಿ, "ಎಂಥ ಹುಡುಗ ನೋಡು," ಎಂದು ಇಬ್ಬರ ತಟ್ಟೆಗೂ ಮಾಂಸ ಬಡಿಸಿದರು. ಅವರಿಬ್ಬರೂ ಅವತ್ತು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆಮೇಲೆ ಡೆಲ್ಮರನ ಕಾರು ಎಕ್ಸ್‌ಚೇಂಜಿನ ಮುಂದೆ ನಿಲ್ಲಲೂ ಇಲ್ಲ.

ಮಾರನೆಯ ದಿನವೇ ಅವಳು ಕ್ಷಮೆ ಕೇಳಿ ಆರ್ವಿನನಿಗೆ ಬರೆದಳು. ಆಮೇಲೆ ವಾರ ವಾರವೂ ಬರೆದಳು. ಆರ್ವಿನನಿಂದ ಬಹಳ ದಿನ ಉತ್ತರ ಬರಲಿಲ್ಲ. ಕೊನೆಗೆ ನಾಲ್ಕು ಸಾಲು ಬಂತು: ಆರೋಗ್ಯವಾಗಿದ್ದೇನೆ, ಇಲ್ಲಿ ಮಳೆ. ಟಪ್ಪಾಲು ತುಂಬಿದ ಲಾರಿಯೊಂದು ಆ ಕಡೆ ಸುಟ್ಟುಹೋಯಿತಂತೆ ಎಂದು ಯಾರೋ ಹೇಳಿದರು. ಮಾರ್ಚಿನ ಕಾಗದವೂ ಕ್ಷಮೆ ಕೇಳಿದ್ದೂ ಅದರಲ್ಲೇ ಸುಟ್ಟುಹೋದವು ಎಂದು ಅವಳು ನಂಬಿದಳು. ದೇವರು ನನ್ನ ಮೇಲೆ ಕಣ್ಣಿಟ್ಟಿದ್ದಾನೆ ಎಂದುಕೊಂಡಳು.

ಅವನು ಬಂದದ್ದು ಮರುವರ್ಷದ ಮೇ ತಿಂಗಳಲ್ಲಿ. ಬಸ್ಸಿನಿಂದ ಇಳಿದು ಚೀಲ ನೆಲಕ್ಕಿಟ್ಟವನು, ಅವಳ ಮುಖಕ್ಕಿಂತ ಮೊದಲು ನೋಡಿದ್ದು ಮದುವೆಯ ಉಂಗುರ ತೊಡುವ ಅವಳ ಎಡಗೈಯನ್ನು.

"ನೀನು ಬಂದಿದೀಯಾ," ಎಂದ.

"ಮತ್ತೆ ಯಾರು ಬರ್ಬೇಕಿತ್ತು?" ಎಂದು ಅವಳು ಓಡಿಹೋಗಿ ತಬ್ಬಿಕೊಂಡಳು. ಅವನ ಕೈಗಳು ಬಹಳ ಹೊತ್ತು ಇಳಿಬಿದ್ದೇ ಇದ್ದವು.

ವಯಸ್ಸಾದ ಮೇಲೆ ತೋಟದ ಮನೆ ಮಾರಿ ಪೇಟೆಯೊಳಗಿನ ಚಿಕ್ಕ ಮನೆಗೆ ಬರುವಾಗ ಅವಳೇ ಹೇಳಿದ್ದಳು, ಆ ಹಳೇ ಕಾಗದ ಎಲ್ಲ ಸುಟ್ಟುಬಿಡು, ನಾಳೆ ಮಕ್ಕಳ ಕೈಗೆ ಸಿಕ್ಕಿ ನಗುವುದು ಬೇಡ ಎಂದು. ಅವನು ಆಯ್ತು ಅಂದ. ಹಿತ್ತಲಲ್ಲಿ ಕಸ ಸುಡುವ ಪೀಪಾಯಿಯಿಂದ ಹೊಗೆ ಎದ್ದಿದ್ದನ್ನು ಅವಳು ಕಿಟಕಿಯಿಂದ ನೋಡಿದ್ದಳು.

*

ಡೆಲ್ಮರ್ ಚರ್ಚಿನ ಹಿಂದೆ ತನ್ನ ಪಿಕಪ್ಪಿಗೆ ಒರಗಿ ನಿಂತಿದ್ದ. ಕೋಟಿಲ್ಲದೆ ಹೊರಗೆ ಬಂದ ಮಾರ್ಡೆಲಳನ್ನು ಕಂಡು ಸಿಗರೇಟು ಕೆಳಗೆ ಹಾಕಿದ.

"ಆ ಹುಡುಗಿ ನನ್ನ ನೋಡಿದ್ದು ಕಂಡೆ," ಎಂದ.

"ಅವನಿಗೆ ಕಾಗದ ಸಿಕ್ಕಿತ್ತಂತೆ, ಡೆಲ್."

"ಗೊತ್ತು."

ಗಾಳಿ ಬೀಸುತ್ತಿತ್ತು. ಅವಳು ಅವನನ್ನೇ ದಿಟ್ಟಿಸಿದಳು. "ನಿನಗೆ ಗೊತ್ತಿತ್ತಾ?"

"ಅವನು ಬಂದ ಮೊದಲನೇ ಚಳಿಗಾಲ. ಹೆಪ್ಪುಗಟ್ಟಿದ ಕೆರೆ ಮೇಲೆ, ಮೀನು ಹಿಡಿಯೋ ಗುಡಿಸಲಲ್ಲಿ ಇಬ್ರೇ ಕೂತಿದ್ವಿ. ಆಗ ನಿಮ್ಮ ಮದುವೆ ಆಗಿತ್ತು. ಇದ್ದಕ್ಕಿದ್ದಂಗೆ ಅಂದ, 'ನಂಗೊಂದು ಕಾಗದ ಬಂದಿತ್ತು ಡೆಲ್, ನಿಮ್ಮಿಬ್ಬರ ವಿಷಯ.' ಇವತ್ತು ನನ್ನ ಮಂಜುಗಡ್ಡೇಲಿ ಕೊರೆದ ಈ ತೂತಿಗೆ ತಳ್ತಾನೆ ಅಂತ ಅಂದ್ಕೊಂಡೆ. ಅವನು ನನ್ನ ಗಾಳ ತಗೊಂಡು, ಹುಳ ಸಿಕ್ಕಿಸಿ ವಾಪಸ್ ಕೊಟ್ಟ."

"ಅಷ್ಟೇನಾ?"

"ಅವಳಿಗೆ ಹೇಳ್ಬೇಡ ಅಂದ. ನಾನು ಹೇಳ್ಲಿಲ್ಲ."

"ಐವತ್ತು ವರ್ಷ ನನ್ನ ಮೇಜಿನ ಮುಂದೆ ಕೂತು ಉಂಡಿದೀರಿ ಇಬ್ರೂ," ಎಂದಳು ಮಾರ್ಡೆಲ್. ದನಿ ಏರಲಿಲ್ಲ. "ನಾನು ನಿಮಗೆ ಕಾಫಿ ಬಗ್ಗಿಸ್ತಾ ಇದ್ದೆ. ಗೊತ್ತಿಲ್ಲದೆ ಇದ್ದೋಳು ನಾನೊಬ್ಳೇ."

ಡೆಲ್ಮರ್ ಟೋಪಿ ತೆಗೆದು ಕೈಯಲ್ಲಿ ತಿರುಗಿಸಿದ.

"ಇನ್ನೊಂದಿದೆ, ಮಾರ್ಡೆಲ್. ಆಮೇಲೆ ನೀನು ಬರೆದೆಯಲ್ಲ, ಅದನ್ನೆಲ್ಲ ಅವನು ಒಡೀಲೇ ಇಲ್ಲ. ಇನ್ನೊಂದು ಓದೋ ಧೈರ್ಯ ಬರ್ಲಿಲ್ಲ ಅಂದ. ಬಸ್ಸಿಳಿಯೋವಾಗ ನಿನ್ನ ಮದುವೆ ನನ್ ಜೊತೆ ಆಗಿದೆ ಅಂತಾನೇ ಅಂದ್ಕೊಂಡು ಇಳಿದಿದ್ದ."

ಮಾರ್ಡೆಲಳ ಕಣ್ಣ ಮುಂದೆ ಬಸ್ಸು, ಚೀಲ, ಇಳಿಬಿದ್ದ ಕೈಗಳು, ಎಲ್ಲವೂ ಬೇರೆ ಬಣ್ಣದಲ್ಲಿ ಬಂದು ನಿಂತವು.

"ಮನೆಗೆ ಬಂದ ಮೇಲಾದ್ರೂ ಒಡೀಬೋದಿತ್ತಲ್ಲ?"

"ನಾನೂ ಕೇಳ್ದೆ. 'ಅಡುಗೆಮನೇಲಿ ಅವಳೇ ಓಡಾಡ್ತಿದಾಳೆ, ಇನ್ನು ಕಾಗದ ಓದಿ ಏನಾಗ್ಬೇಕು' ಅಂದ. ನಿಂಗೆ ಗೊತ್ತಲ್ಲ ಅವನು. ಅದಾದ ಮೇಲೆ ಮೀನು ಕಚ್ಚಿತು."

ಅವಳಿಗೆ ನಗು ಬಂದಂತಾಯಿತು, ಬರಲಿಲ್ಲ. ಒಳಗೆ ಹೋಗಿ ತನ್ನ ಕೋಟು ತೆಗೆದುಕೊಂಡಳು. ಟೆಸ್ಸಾ ಇನ್ನೂ ಅದೇ ಪುಟ್ಟ ಕೋಣೆಯಲ್ಲಿ ನಿಂತಿದ್ದಳು.

"ನಿನ್ನ ಲೈಬ್ರರಿ ಇವತ್ತು ತೆಗೆದಿರುತ್ತಾ?"

"ಐದು ಗಂಟೆವರೆಗೆ. ಆದ್ರೆ ಅಮ್ಮಾ, ಇವತ್ತು..."

"ನಡಿ."

ರೋಂಡಾ ಮೆಟ್ಟಿಲವರೆಗೆ ಓಡಿಬಂದಳು. "ಎಲ್ಲಿಗೆ ಹೊರಟೆ ಅಮ್ಮ? ಜನ ಇನ್ನೂ ಊಟ ಮಾಡ್ತಿದಾರೆ."

"ಮಾಡ್ಲಿ. ಕೇಕ್ ಖಾಲಿಯಾಗೋ ತನಕ ಅವರಿಗೆ ನನ್ನ ನೆನಪು ಬರಲ್ಲ."

*

ದಾರಿಯುದ್ದಕ್ಕೂ ಕರಗಿದ ಹಿಮದ ನೀರು ಹೊಲಗಳಲ್ಲಿ ನಿಂತಿತ್ತು. ಟೆಸ್ಸಾ ಕಾರು ಓಡಿಸುತ್ತ, ಕೇಳದಿದ್ದರೂ ಹೇಳಿದಳು. ಒಡೆಯದ ಲಕೋಟೆಗಳನ್ನು ತಾವಾಗಿ ಒಡೆಯುವುದಿಲ್ಲ. ಏನು ಮಾಡಲಿ ಎಂದು ಆರ್ವಿನನನ್ನೇ ಕೇಳಿದ್ದಳಂತೆ.

"ಏನಂದ?"

"'ಬರೆದೋಳನ್ನ ಕೇಳು. ಆದ್ರೆ ನಾನು ಹೋದ ಮೇಲೆ ಕೇಳು' ಅಂದ್ರು."

"ಸುಡು ಅಂದಿದ್ದೆ ನಾನು."

"ಅದನ್ನೂ ಹೇಳಿದ್ರು. ಪೀಪಾಯಿಗೆ ಹಾಕಕ್ಕೆ ಹೋದ್ರಂತೆ, ಕೈ ಬರ್ಲಿಲ್ವಂತೆ. ಮನೇಲಿಟ್ಟರೆ ನೀವು ನೋಡ್ತೀರಿ ಅಂತ ನಮ್ಮ ಹತ್ರ ತಂದ್ರು. ಒಂದಿಷ್ಟು ಹಳೇ ರಸೀದಿ ಮಾತ್ರ ಸುಟ್ಟೆ ಅಂದ್ರು. ನಂಗೆ ಅದಕ್ಕೂ ಬೇಜಾರಾಯ್ತು."

ಓದುವ ಕೋಣೆಯ ಬಾಗಿಲಲ್ಲಿ ಪರ್ಸು, ಕೋಟು ಕಪಾಟಿನಲ್ಲಿಡಬೇಕಾಯಿತು. ಟೆಸ್ಸಾ ಮುಜುಗರದಿಂದ ಒಂದು ಕಾಗದ ಮುಂದಿಟ್ಟಳು. "ಓದೋರು ಸಹಿ ಮಾಡ್ಬೇಕು."

"ಬರೆದೋಳು ನಾನೇ ಅಲ್ವೇನೇ?"

"ಹೌದು. ಆದ್ರೂ."

ಮಾರ್ಡೆಲ್ ಸಹಿ ಮಾಡಿದಳು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಟೆಸ್ಸಾ ಮೊದಲು ಮಾರ್ಚಿನ ಕಾಗದವನ್ನು ತಂದಿಟ್ಟಳು. ಅದು ಕಾಗದದಂತಿರಲಿಲ್ಲ. ಮಡಿಕೆಗಳು ಸವೆದು ತೂತಾಗಿದ್ದವು, ಅಂಚುಗಳು ಹಳೆಯ ಬಟ್ಟೆಯಂತೆ ಮೆತ್ತಗಾಗಿದ್ದವು, ಒಂದು ಮೂಲೆಯಲ್ಲಿ ಕೆಂಪು ಮಣ್ಣಿನ ಕಲೆ. ಇದನ್ನು ಎಷ್ಟು ಸಲ ಬಿಡಿಸಿ ಮಡಿಸಿರಬೇಕು, ಯಾವ ಜೇಬಿನಲ್ಲಿ, ಯಾವ ಮಳೆಯಲ್ಲಿ. ಅವಳು ಅದನ್ನು ಓದಲಿಲ್ಲ. ಮೇಲೆ ಅಂಗೈ ಇಟ್ಟು ಸುಮ್ಮನೆ ಕೂತಳು.

ಆಮೇಲೆ ಒಡೆಯದ ಲಕೋಟೆಗಳು ಬಂದವು. ದುಂಡಗಿನ, ಹೆಮ್ಮೆಯ ಅಕ್ಷರ. ಈ ಅಕ್ಷರ ತನ್ನದು ಎಂದು ಅವಳಿಗೆ ಗುರುತೇ ಹತ್ತಲಿಲ್ಲ.

"ಒಡೀಲೇಬೇಕು ಅಂತಿಲ್ಲ," ಎಂದಳು ಟೆಸ್ಸಾ. "ಹಾಗೇ ಇಡು ಅಂದ್ರೆ ಹಾಗೇ ಇಡ್ತೀವಿ."

"ಏನು ಬರೆದಿದ್ದೆ ಅಂತ ನಂಗೇ ನೆನಪಿಲ್ಲ. ಕ್ಷಮೆ ಕೇಳಿದ್ದೆ, ಅಷ್ಟು ಗೊತ್ತು. ಹೆಂಗೆ ಕೇಳಿದ್ದೆ ಅಂತ ಗೊತ್ತಿಲ್ಲ."

ಅವಳು ಮೊಟ್ಟಮೊದಲನೆಯದನ್ನು ಆರಿಸಿದಳು, ಡೆಲ್ಮರನ ಮನೆಯ ಊಟದ ಮಾರನೆಯ ದಿನ ಬರೆದದ್ದು. ಟೆಸ್ಸಾ ಕೊಟ್ಟ ತೆಳು ಚಾಕು ಬೇಕಾಗಲಿಲ್ಲ. ಅಂಟು ಒಣಗಿ ಹೋಗಿತ್ತು, ಉಗುರು ತಾಗಿಸಿದೊಡನೆ ತೆರೆದುಕೊಂಡಿತು.

ಒಳಗೆಲ್ಲ ನೇರಳೆ ಬಣ್ಣ. ಎಂದೋ ಮಳೆಯಲ್ಲಿ ನೆಂದ ಹಾಳೆಗಳು ಒಂದಕ್ಕೊಂದು ಅಂಟಿಕೊಂಡು, ಶಾಯಿ ಕರಗಿ, ಆ ಬಣ್ಣದಲ್ಲಿ ಮುಳುಗಿಹೋಗಿತ್ತು. 'ಪ್ರೀತಿಯ ಆರ್ವಿನ್' ಎಂಬುದೊಂದು ಮೇಲೆ ಉಳಿದಿತ್ತು, ಅದರ ಕೆಳಗೆ ಒಂದು ಅಕ್ಷರವೂ ಇಲ್ಲ. ನಡುವೆ ಒಂದು ಚಪ್ಪಟೆ ಪೊಟ್ಟಣ, ಒಡೆದು ಗಟ್ಟಿಕಟ್ಟಿದ ಪುಡಿ.

"ಏನಿದು?" ಎಂದು ಟೆಸ್ಸಾ ಬಗ್ಗಿದಳು.

"ದ್ರಾಕ್ಷಿ ಶರಬತ್ತಿನ ಪುಡಿ," ಎಂದಳು ಮಾರ್ಡೆಲ್ ನಿಧಾನವಾಗಿ. "ಅಲ್ಲಿನ ನೀರು ಔಷಧಿ ವಾಸನೆ, ಕುಡಿಯಕ್ಕಾಗಲ್ಲ ಅಂತ ಬರೆದಿದ್ದ. ನೀರಿಗೆ ಹಾಕ್ಕೊಳ್ಲಿ ಅಂತ ಅಂಗಡಿಯಿಂದ ತಂದು ಇಟ್ಟಿದ್ದೆ."

ಅವಳು ಇನ್ನೊಂದನ್ನು ಒಡೆಯಲಿಲ್ಲ. ಲಕೋಟೆಯೊಳಗೆ ಬೆರಳು ಹಾಕಿ ಪುಡಿಯನ್ನು ಕೆರೆದಳು. ಆ ಕೋಣೆಯಲ್ಲಿ ಯಾರೂ ಮಾಡಬಾರದ ಕೆಲಸ ಅದು. ಟೆಸ್ಸಾ ತಡೆಯಲು ಕೈ ಎತ್ತಿದವಳು ಹಾಗೇ ಇಳಿಸಿದಳು. ಮಾರ್ಡೆಲ್ ಬೆರಳನ್ನು ನಾಲಿಗೆಯ ಮೇಲಿಟ್ಟುಕೊಂಡಳು. ಸಕ್ಕರೆ ಹಾಕದ ಹುಳಿಗೆ ಅವಳ ಮುಖವೆಲ್ಲ ಕಿವುಚಿಕೊಂಡಿತು, ಕಣ್ಣಲ್ಲಿ ನೀರು ಬಂತು. ಅವಳು ನೇರಳೆಯಾದ ಬೆರಳನ್ನು ಮತ್ತೆ ಲಕೋಟೆಯೊಳಗೆ ಅದ್ದಿದಳು.