ಕಾಶವ್ವನ ಒಲೆಯ ಹಿಂದಿನ ವಾಲ್ವ್

ನಾನು ಹಿತ್ತಾಳೆಯ ಒಂದು ಗ್ಯಾಸ್ ವಾಲ್ವ್. ಕಾರ್ಖಾನೆಯಲ್ಲಿ ನನ್ನನ್ನು ನೂರಾರು ಸಲ ತೆರೆದು ಮುಚ್ಚಿ, ಸೋಪಿನ ನೀರು ಹಚ್ಚಿ, ಒಂದು ಗುಳ್ಳೆಯೂ ಏಳದ ಮೇಲೆಯೇ ಡಬ್ಬಿಗೆ ಹಾಕಿದರು. ಗ್ಯಾಸ್ ಸೋರಿದರೆ ತಟ್ಟನೆ ಮುಚ್ಚಿಕೊಳ್ಳುವುದೇ ನನ್ನ ಕೆಲಸ. ಆದರೆ ನಾನಾಗಿ ಮುಚ್ಚಿಕೊಳ್ಳಲಾರೆ. ನನ್ನ ಜೊತೆಗಿದ್ದ ಬಿಳಿ ಪೆಟ್ಟಿಗೆ ಗಾಳಿ ಮೂಸಿ, ಕೂಗಿ, ವೈರಿನಲ್ಲಿ ಸುದ್ದಿ ಕಳಿಸಬೇಕು.

ನಮ್ಮಿಬ್ಬರನ್ನೂ ಗದಗಿನಲ್ಲಿ ರುದ್ರಗೌಡರ ಖಾನಾವಳಿಗೆ ತಂದರು. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ನೆಲಕ್ಕಿಳಿಯುತ್ತದೆ. ಅದಕ್ಕೇ ಪೆಟ್ಟಿಗೆಯನ್ನು ಒಲೆಯ ಪಕ್ಕ ನೆಲದಿಂದ ಒಂದು ಗೇಣು ಮೇಲೆ ಕೂರಿಸಿದರು, ನನ್ನನ್ನು ಒಲೆಯ ಹಿಂದಿನ ಪೈಪಿಗೆ ಜೋಡಿಸಿದರು. ಅಲ್ಲಿಂದ ನನಗೆ ಮೊದಲು ಕಂಡದ್ದು ಅಡುಗೆಯವಳಾದ ಕಾಶವ್ವನ ಒಡೆದ ಹಿಮ್ಮಡಿ.

ಕಾಶವ್ವನದೊಂದು ಗುಟ್ಟಿತ್ತು. ಎರಡು ವರ್ಷದ ಹಿಂದೆ ಬಂದ ಜ್ವರ ಅವಳ ವಾಸನೆ ಹಿಡಿಯುವ ಶಕ್ತಿಯನ್ನೇ ಕೊಂಡೊಯ್ದಿತ್ತು. ಬೆಳ್ಳುಳ್ಳಿಯ ಬಣ್ಣ ನೋಡಿ ಒಗ್ಗರಣೆ ಇಳಿಸುತ್ತಿದ್ದಳು. ಹೇಳಿದರೆ ಕೆಲಸ ಹೋದೀತೆಂಬ ಹೆದರಿಕೆ. ಒಲೆ ಒರೆಸುವಾಗ ತನ್ನಷ್ಟಕ್ಕೆ ಗೊಣಗುತ್ತಿದ್ದಳು, ನಾನು ಕೇಳಿಸಿಕೊಂಡಿದ್ದೆ.

ದಿನಾ ಬೆಳಗ್ಗೆ ಒಲೆಗೆ ವಿಭೂತಿ ಹಚ್ಚಿ ಲೋಬಾನ ಹಾಕುವುದು ಅಲ್ಲಿನ ರೂಢಿ. ಆ ಹೊಗೆಗೆ ಪೆಟ್ಟಿಗೆ ಕಿರುಚುತ್ತಿತ್ತು, ನಾನು ಟಕ್ಕೆಂದು ಮುಚ್ಚುತ್ತಿದ್ದೆ.

"ಸಾವ್ಕಾರ್ರ, ಮತ್ತ ಬಂದ್ ಆತ್ರಿ!" ಎಂದು ಕಾಶವ್ವ ಕೂಗುತ್ತಿದ್ದಳು.

"ದೇವರ ಹೊಗಿಗೂ ಹೆದರ್ತೈತೇನು ಇದು? ಪೂಜಿ ಮುಗಿಯೂತನಕ ಅದಕ್ಕೊಂದು ಪ್ಲಾಸ್ಟಿಕ್ ಚೀಲ ಕಟ್ಟು. ಆಮ್ಯಾಲೆ ಬಿಚ್ಚು" ಎಂದರು ರುದ್ರಗೌಡರು.

ನನಗೆ ಮೈ ಉರಿಯಿತು. ಕಾವಲಿಗೆಂದು ತಂದು ಕಾವಲುಗಾರನ ಮೂಗನ್ನೇ ಕಟ್ಟುವವರಿಗೆ ಏನೆನ್ನಬೇಕು!

ಒಂದು ಸೋಮವಾರ, ಚೀಲ ಬಿಚ್ಚುವ ಹೊತ್ತಿಗೆ ಕಾಯಿಪಲ್ಲೆಯವನು ಬಾಗಿಲಲ್ಲಿ ಕೂಗಿದ. ಎದ್ದು ಹೋದ ಕಾಶವ್ವ ಮರೆತೇಬಿಟ್ಟಳು. ಮಧ್ಯಾಹ್ನದ ಊಟ ಮುಗಿಯಿತು, ಒಲೆಗಳೆಲ್ಲ ಆರಿದವು. ರಾತ್ರಿಯ ಸಾರಿಗೆಂದು ಒಂದೇ ಒಲೆಯಲ್ಲಿ ಸಣ್ಣ ಉರಿಯ ಮೇಲೆ ಬೇಳೆ ಇಟ್ಟು ಅವಳು ಹಿತ್ತಲಿಗೆ ಹೋದಳು.

ಬೇಳೆ ಉಕ್ಕಿತು. ಉರಿ ಆರಿತು. ಗ್ಯಾಸ್ ಮಾತ್ರ ನನ್ನೊಳಗಿಂದ ಹರಿಯುತ್ತಲೇ ಇತ್ತು. ಪೆಟ್ಟಿಗೆ ಚೀಲದೊಳಗೆ ಏನೂ ತಿಳಿಯದೆ ಕೂತಿತ್ತು. ಮುಚ್ಚು ಅನ್ನುವವರಿಲ್ಲದೆ ನಾನು ಬಾಯಿ ತೆರೆದುಕೊಂಡೇ ಇದ್ದೆ. ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ.

ಹಿಮ್ಮಡಿಗಳು ಒಳಗೆ ಬಂದವು.

"ಅಯ್ಯ, ಉರಿ ಆರೇತಿ" ಎಂದಳು. ಬೇರೆ ಯಾರಾದರೂ ಹೊಸ್ತಿಲಲ್ಲೇ ಮೂಗು ಮುಚ್ಚಿ ಓಡುತ್ತಿದ್ದರು. ಅವಳು ಕಡ್ಡಿಪೆಟ್ಟಿಗೆ ತೆಗೆದಳು. ಕಡ್ಡಿ ಹೊರಬಂತು. ಬೇಡ ಕಾಶವ್ವ, ಬೇಡ! ಕೂಗಲು ನನಗೆ ದನಿಯಿಲ್ಲ.

ಆದರೆ ಎಷ್ಟು ಅವಸರವಿದ್ದರೂ ಒಲೆಗೆ ತಲೆಬಾಗದೆ ಕಡ್ಡಿ ಗೀರುವವಳಲ್ಲ ಅವಳು. ಕೈಜೋಡಿಸಿ ಬಾಗಿದಳು. ಕಣ್ಣು ಚೀಲದ ಮೇಲೆ ಬಿತ್ತು.

"ಅಯ್ಯೋ ಶಿವನ, ಬಿಚ್ಚೇ ಇಲ್ಲಲ್ಲ!"

ಕಡ್ಡಿ ಕೈಯಲ್ಲೇ ಇಟ್ಟುಕೊಂಡು ಚೀಲ ಎಳೆದಳು. ಒಂದು ಉಸಿರು, ಎರಡು ಉಸಿರು. ಪೆಟ್ಟಿಗೆ ಚೀರಿತು. ನಾನು ಟಕ್ಕೆಂದು ಮುಚ್ಚಿದೆ. ಕಾಶವ್ವ ಕಡ್ಡಿ ಬಿಸುಟು ಬಾಗಿಲು, ಕಿಟಕಿ ತೆರೆದು ಅಂಗಳಕ್ಕೆ ಓಡಿದಳು.

ರುದ್ರಗೌಡರು ಓಡಿ ಬಂದರು. "ಬೀದಿತನಕ ಹೊಡ್ಯಾಕತ್ತೈತಿ! ನಿನಗ ವಾಸನಿ ಬರಲಿಲ್ಲೇನು?"

ಅವಳು ಅಳುತ್ತಾ ಹೇಳಿದಳು: "ಎರಡ ವರ್ಷ ಆತ್ರಿ, ನನಗ ಯಾವ ವಾಸನೀನೂ ಹತ್ತಂಗಿಲ್ಲ. ಕೆಲಸ ಬಿಡಸ್ತೀರಂತ ಹೇಳಲಿಲ್ರಿ."

ಗೌಡರು ಅವಳ ಕೈಯಲ್ಲಿ ಇನ್ನೂ ಇದ್ದ ಚೀಲವನ್ನು ತೆಗೆದುಕೊಂಡರು. "ಚೀಲ ಕಟ್ಟು ಅಂದಾಂವ ನಾನು. ಬಿಡಸೂದಾದ್ರ ಮೊದಲ ನನ್ನ ಬಿಡಸ್ಬೇಕು. ನಾಳಿಂದ ಲೋಬಾನ ಅಂಗಳದಾಗ."

ವರ್ಷಗಳು ಕಳೆದವು. ನನ್ನ ಅವಧಿ ಮುಗಿಯಿತೆಂದು ಹೊಸ ವಾಲ್ವ್ ಹಾಕಿಸಿದರು. ನಾನೀಗ ಅಡುಗೆಮನೆಯ ಮೂಲೆಯ ಹಳೆಯ ತಗಡಿನ ಡಬ್ಬಿಯಲ್ಲಿದ್ದೇನೆ. ವಾಲ್ವ್ ಕಾಪಾಡಿತು ಎಂದು ಜನ ಹೇಳುವುದು ಕಿವಿಗೆ ಬೀಳುತ್ತದೆ. ಅವಳ ಕೈ ಮುಂದಾಗಿ ಚೀಲ ಎಳೆಯದಿದ್ದರೆ ನಾನು ಏನು ಮಾಡುತ್ತಿದ್ದೆ ಎಂಬುದು ನನಗೆ ಗೊತ್ತು.

ಕಾಶವ್ವ ಇನ್ನೂ ಅಲ್ಲೇ ಅಡುಗೆ ಮಾಡುತ್ತಾಳೆ. ಈಗ ಒಗ್ಗರಣೆ ಹಾಕುವಾಗ ಮುಚ್ಚುಮರೆಯಿಲ್ಲದೆ ಊಟಕ್ಕೆ ಕೂತವರನ್ನೇ ಕೂಗಿ ಕೇಳುತ್ತಾಳೆ: "ನನಗ ತಿಳ್ಯಂಗಿಲ್ರಿ, ಬಳ್ಳೊಳ್ಳಿ ಸೀದೇತೇನು ನೋಡ್ರಿ!"

ಹತ್ತು ಜನ ಒಟ್ಟಿಗೇ ಉತ್ತರ ಕೊಡುತ್ತಾರೆ.